ಹಾಳೆಯ ಕೆಳಗಿನ ಸಾಲು

ನಿಜ್ವಾ
8 ನವೆಂಬರ್ 2025

ಮಾನ್ಯ ಮೂಸಬ್ಬ ಬ್ಯಾರಿಯವರಿಗೆ,

ವಂದನೆಗಳು. ನನ್ನ ನೆನಪು ನಿಮಗಿದೆಯೋ ಇಲ್ಲವೋ. ಕಳೆದ ಜೂನ್‌ನಲ್ಲಿ ನಮ್ಮ ಆಸ್ಪತ್ರೆಯ ಶವಾಗಾರದ ಹೊರಗೆ ನಾವಿಬ್ಬರೂ ಒಂದೇ ಗೋಡೆಯ ನೆರಳಿನಲ್ಲಿ ನಿಂತಿದ್ದೆವು. ನೀವು ಇಬ್ರಿಯಿಂದ ನೊರ್ಬರ್ಟನ ಬಟ್ಟೆಬರೆ ಹಿಡಿದುಕೊಂಡು ಬಂದಿದ್ದಿರಿ. ನಾನು ದಾಖಲೆ ವಿಭಾಗದ ಉರ್ಸುಲಾ, ಕರಾವಳಿ ಕೂಟದ ನಿಜ್ವಾ ಶಾಖೆಯ ಕಾರ್ಯದರ್ಶಿ. ಆ ದಿನ ನೀವು ಹೆಚ್ಚು ಮಾತಾಡಲಿಲ್ಲ. ನಾನು ಮಾತ್ರ ಇಡೀ ಒಮಾನಿಗೆ ಕೇಳುವಂತೆ ಬೈಯುತ್ತಿದ್ದೆ.

ಆ ಸಿಟ್ಟು ಇನ್ನೂ ಇಳಿದಿಲ್ಲ. ಎ.ಸಿ. ರಿಪೇರಿ ಮಾಡಿಕೊಂಡು ಹನ್ನೊಂದು ವರ್ಷ ಇಬ್ರಿಯಲ್ಲಿದ್ದ ಹುಡುಗ. ಎದೆನೋವೆಂದು ಇಲ್ಲಿಗೆ ತಂದರು, ಮತ್ತೆ ಏಳಲಿಲ್ಲ. ದೇಹ ಊರಿಗೆ ಹೊರಡಲು ಹದಿನೆಂಟು ದಿನ ಹಿಡಿಯಿತು. ಈ ಕೆಲಸವನ್ನು ಮೊದಲು ಕೂಟದ ನಾವು ನಾಲ್ಕು ಜನ ಸೇರಿ ಮಾಡುತ್ತಿದ್ದಾಗ ಐದು ದಿನಕ್ಕಿಂತ ಹೆಚ್ಚು ಯಾರನ್ನೂ ಕಾಯಿಸಿದ್ದಿಲ್ಲ. ಈಗ ಅದೆಲ್ಲ ಮಸ್ಕತ್‌ನ ಒಬ್ಬ ಕಾರ್ಗೋ ಏಜೆಂಟರ ಕೈಯಲ್ಲಿದೆ. ಅವರಿಗೆ ಅದು ಹೇಗೆ ಸಿಕ್ಕಿತೆಂದು ನಿಮಗೂ ಗೊತ್ತಿರಬಹುದು. ನಾನೂರು ಸದಸ್ಯರು ಸಹಿ ಹಾಕಿ ಕೇಳಿದರೆ ಯಾವ ವಿಷಯವನ್ನಾದರೂ ಮತಕ್ಕೆ ಹಾಕಬೇಕು ಎಂಬುದು ಕೂಟದ ನಿಯಮ. ಆ ಏಜೆಂಟರು ಊರಿಗೊಬ್ಬನನ್ನು ಹಿಡಿದು, ತಂದ ಪ್ರತಿ ಸಹಿಗೆ ಮುನ್ನೂರು ಬೈಸ, ಊರಿನ ಲೆಕ್ಕದಲ್ಲಿ ಎಪ್ಪತ್ತು ರೂಪಾಯಿ, ಕೊಟ್ಟು, ಮೂರೇ ವಾರದಲ್ಲಿ ಐನೂರು ಸಹಿ ಗುಡ್ಡೆ ಹಾಕಿದರು. ಸಹಿ ಹಾಕಿದವರಲ್ಲಿ ಆ ಕಾಗದ ಓದಿದವರು ಒಬ್ಬರೂ ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ಮತದಾನ ಮಸ್ಕತ್‌ನಲ್ಲಾಯಿತು, ಅವರ ಕಡೆಯವರೇ ತುಂಬಿದ್ದರು, ಖಲಾಸ್.

ಅದಕ್ಕೆ ನಾನೀಗ ಒಂದು ಅರ್ಜಿ ಬರೆದಿದ್ದೇನೆ. ಸಹಿ ಸಂಗ್ರಹಿಸುವವರು ಅದಕ್ಕಾಗಿ ಹಣವಾಗಲಿ, ಬೇರೆ ಯಾವುದೇ ಉಪಕಾರವಾಗಲಿ ಯಾರಿಂದಲೂ ಪಡೆಯಬಾರದು. ಪಡೆದರೆ ಆ ಸಹಿಗಳು ರದ್ದು. ಇಷ್ಟೇ. ಇದನ್ನು ಮತಕ್ಕೆ ತರಬೇಕಾದರೂ ನಾನೂರು ಸಹಿ ಬೇಕು, ಅದೂ ಶಾಯಿಯಲ್ಲಿ, ಕಾಗದದ ಮೇಲೆ, ಜನವರಿ ಹದಿನೈದರೊಳಗೆ. ಇಲ್ಲದಿದ್ದರೆ ಇನ್ನೂ ಒಂದು ವರ್ಷ ಇದೇ ವ್ಯಾಪಾರ ನಡೆಯುತ್ತದೆ. ಸೊಹಾರ್‌ನಲ್ಲಿ ಅನ್ಸಾರ್ ಒಪ್ಪಿಕೊಂಡಿದ್ದಾನೆ. ಇಬ್ರಿಗೆ ನೀವಲ್ಲದೆ ಇನ್ಯಾರು. ನಿಮ್ಮ ಬಕಾಲ ಅಂಗಡಿಗೆ ಬಾರದ ನಮ್ಮೂರಿನವರು ಅಲ್ಲಿ ಇಲ್ಲವಂತೆ.

ಹತ್ತು ಹಾಳೆ ಇಟ್ಟಿದ್ದೇನೆ. ಪ್ರತಿ ಹಾಳೆಯ ಕೆಳಗೆ ಸಂಗ್ರಹಿಸಿದವರ ಸಾಲು ಒಂದಿದೆ: 'ಈ ಸಹಿಗಳಿಗಾಗಿ ನಾನು ಯಾರಿಂದಲೂ ಏನನ್ನೂ ಪಡೆದಿಲ್ಲ.' ಅಲ್ಲಿ ನಿಮ್ಮ ಸಹಿ. ಅದು ಇಲ್ಲದಿದ್ದರೆ ಮೇಲಿನ ಹತ್ತೂ ವ್ಯರ್ಥ. ವಾಟ್ಸಾಪಿನಲ್ಲಿ ಒಂದಕ್ಷರವೂ ಬೇಡ, ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಮಸ್ಕತ್ ಮುಟ್ಟುತ್ತದೆ. ಬ್ರೆಡ್ಡಿನ ವ್ಯಾನಿನ ವಿಕ್ಟರ್ ವಾರಕ್ಕೆ ಎರಡು ಸಲ ನಿಮ್ಮಲ್ಲಿಗೆ ಬರುತ್ತಾನಲ್ಲ, ಅವನ ಕೈಯಲ್ಲೇ ಕೊಡಿ.

ಕಳೆದ ವರ್ಷ ಇಬ್ರಿಯಲ್ಲಿ ಆ ಮುನ್ನೂರು ಬೈಸಕ್ಕೆ ಕೈ ಚಾಚಿದವನು ಯಾರೆಂದು ನನಗೆ ತಿಳಿಯದು. ತಿಳಿಯುವುದೂ ಬೇಡ, ತಿಳಿದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಇಂತಿ,
ಉರ್ಸುಲಾ


ಇಬ್ರಿ
18 ನವೆಂಬರ್ 2025

ಉರ್ಸುಲಾ ಬಾಯಿಯವರಿಗೆ ಮೂಸಬ್ಬನ ಸಲಾಂ.

ನಿಮ್ಮ ನೆನಪು ಇಲ್ಲದೆ ಏನು. ಆ ದಿನ ನೀವು ಬೈದದ್ದು ಇನ್ನೂ ನನ್ನ ಕಿವಿಯಲ್ಲಿದೆ. ಉತ್ತರ ತಡವಾಯಿತು. ನಿಮ್ಮ ಕಾಗದ ಮೂರು ದಿನ ಗಲ್ಲಾಪೆಟ್ಟಿಗೆಯ ಕೆಳಗೆ ಮಲಗಿತ್ತು. ನಾಲ್ಕನೆಯ ದಿನ ನನ್ನ ಹೆಂಡತಿ ನಬೀಸಾ ಅದನ್ನು ಹೊರಗೆಳೆದು, ನನ್ನಿಂದ ಓದಿಸಿ, "ಇದೆಂತದ್ದು, ಬಾಯಿಯವರು ಕೆಲಸ ಹೇಳಿದ್ರೆ ಮಾಡ್ಲಿಕ್ಕೆ ಆಗುವುದಿಲ್ವಾ ನಿಮಗೆ?" ಎಂದು ಕೇಳಿದಳು. ಹಾಗೆ ಶುರುವಾಯಿತು.

ಹನ್ನೊಂದು ಸಹಿ ಕಳಿಸಿದ್ದೇನೆ. ಕಡಿಮೆಯೆಂದು ಗೊತ್ತು. ನಾನು ಹಿಡಿದ ಕ್ರಮ ಹೀಗಿದೆ: ಯಾರೇ ಬರಲಿ, ಮೊದಲು ಕುರ್ಚಿ ಕೊಟ್ಟು ಕೂರಿಸುತ್ತೇನೆ. ನೀವು ಬರೆದ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಜೋರಾಗಿ ಓದುತ್ತೇನೆ. ಆಮೇಲೆ ಅರ್ಥ ಹೇಳುತ್ತೇನೆ. ಆಮೇಲೆ ಅವರ ಬಾಯಿಂದಲೇ ಹೇಳಿಸುತ್ತೇನೆ. ಸರಿ ಹೇಳಿದರೆ ಪೆನ್ನು ಕೊಡುತ್ತೇನೆ, ತಪ್ಪಿದರೆ ಮತ್ತೆ ಓದುತ್ತೇನೆ. ನಾನು ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು, ಈಗ ಮೇಷ್ಟ್ರಾಗಿದ್ದೇನೆ. ಕ್ಷೌರದಂಗಡಿಯ ನಮ್ಮ ಹುಡುಗ ಎರಡು ಸಲ ಫೇಲಾದ. ಅವನು ಕೇಳಿದ್ದು ಒಂದೇ, "ಕಾಕ, ನಿಮಗೆ ಇದ್ರಲ್ಲಿ ಎಷ್ಟು ಸಿಗ್ತದೆ?" ಏನೂ ಸಿಗುವುದಿಲ್ಲ ಎಂದೆ. "ಹಾಗಾದ್ರೆ ಯಾಕೆ ಇಷ್ಟು ಕಷ್ಟ?" ಎಂದ. ಒಂದು ಪ್ಯಾಕೆಟ್ ಬಿಸ್ಕಿಟ್ ತೂಗುಹಾಕುವ ನೆಪದಲ್ಲಿ ಆಚೆ ತಿರುಗಿದೆ.

ವಿಕ್ಟರ್ ಹಾರ್ನ್ ಹೊಡೆಯುತ್ತಿದ್ದಾನೆ.

ಮೂಸಬ್ಬ


ನಿಜ್ವಾ
22 ನವೆಂಬರ್ 2025

ಮೂಸಬ್ಬ ಬ್ಯಾರಿಯವರಿಗೆ,

ಹನ್ನೊಂದು. ಎರಡು ಸಲ ಎಣಿಸಿದೆ, ಎರಡು ಸಲವೂ ಹನ್ನೊಂದೇ ಬಂತು. ಸೊಹಾರ್‌ನ ಅನ್ಸಾರ್ ಕಂಪನಿ ಬಸ್ಸಿನಲ್ಲಿ ಹೋಗುತ್ತ ಬರುತ್ತಲೇ ತೊಂಬತ್ತೊಂದು ಮಾಡಿಸಿದ್ದಾನೆ. ನೀವು ಹೀಗೆ ಶಾಲೆ ನಡೆಸುತ್ತ ಕೂತರೆ ನಮ್ಮ ನಾನೂರು ತುಂಬುವಾಗ ಅನ್ಸಾರನ ಮಗಳಿಗೆ ಮದುವೆಯಾಗಿರುತ್ತದೆ, ಅವಳಿಗಿನ್ನೂ ಹಲ್ಲು ಬಂದಿಲ್ಲ.

ತಮಾಷೆ ಬಿಟ್ಟು ಹೇಳುತ್ತೇನೆ. ನೀವು ಓದಿ ಹೇಳುವುದು ಒಳ್ಳೆಯದೇ, ಆದರೆ ಸ್ವಲ್ಪ ಬೇಗ ಓದಿ. ಮತ್ತೆ, ಕೆಳಗಿನ ಸಾಲಿನಲ್ಲಿ ನಿಮ್ಮ ಸಹಿ ಹಾಕಲು ಮರೆತಿದ್ದೀರಿ. ಎರಡೂ ಹಾಳೆ ವಾಪಸ್ ಕಳಿಸಿದ್ದೇನೆ. ಅದಿಲ್ಲದ ಹಾಳೆ ಊಟಕ್ಕಿಲ್ಲದ ಉಪ್ಪಿನಕಾಯಿಯ ಹಾಗೆ.

ನಬೀಸಾ ಅವರಿಗೆ ಎರಡೂ ಕಣ್ಣು ಮಂಜಾಗಿದೆ, ಒಲೆಯ ಮೇಲಿನ ಪಾತ್ರೆ ಕೂಡ ತಡವಿ ಹಿಡಿಯುತ್ತಾರೆ ಎಂದು ವಿಕ್ಟರ್ ಹೇಳಿದ. ನೀವು ಯಾಕೆ ನನಗೆ ತಿಳಿಸಲಿಲ್ಲ? ನಮ್ಮಲ್ಲಿಗೆ ತಿಂಗಳಿಗೊಮ್ಮೆ ಬರುವ ಕಣ್ಣಿನ ಡಾಕ್ಟರರ ಪಟ್ಟಿ ಮಾರ್ಚ್‌ವರೆಗೆ ತುಂಬಿದೆ. ಇರಲಿ, ಪಟ್ಟಿ ಇರುವುದು ನನ್ನ ಪಕ್ಕದ ಮೇಜಿನಲ್ಲೇ. ಡಿಸೆಂಬರ್ ಹತ್ತಕ್ಕೆ ಹೆಸರು ಹಾಕಿಸಿದ್ದೇನೆ. ಕರೆದುಕೊಂಡು ಬನ್ನಿ. ನೀವು ನನಗಾಗಿ ಇಷ್ಟು ಓಡಾಡುವಾಗ ಇದೇನು ದೊಡ್ಡದು.

ಉರ್ಸುಲಾ


ಇಬ್ರಿ
2 ಡಿಸೆಂಬರ್ 2025

ಉರ್ಸುಲಾ ಬಾಯಿಯವರಿಗೆ ಸಲಾಂ.

ಹಳೆಯ ಹನ್ನೊಂದು, ಹೊಸ ಮೂವತ್ತೊಂದು, ಒಟ್ಟು ನಲವತ್ತೆರಡು. ಅನ್ಸಾರ್ ಬಸ್ಸಿನಲ್ಲಿ ಓಡುವವನು, ನಾನು ಸ್ಟೂಲಿನ ಮೇಲೆ ಕೂರುವವನು. ಅಷ್ಟು ವ್ಯತ್ಯಾಸ ಇರುತ್ತದೆ.

ಈ ಮೂವತ್ತೊಂದರಲ್ಲಿ ಒಂದು ಸಹಿ ಮೂವತ್ತಕ್ಕೆ ಸಮ. ಇಲ್ಲಿ ಒಂದು ಮನೆಯಲ್ಲಿ ಅಡುಗೆಗೆ ಇರುವ ತೆರೇಸಾ ಎಂಬವರು, ಕಿನ್ನಿಗೋಳಿಯ ಕಡೆಯವರು. ನಾನು ಓದಲು ಶುರು ಮಾಡಿದರೆ ಕಾಗದ ಕಿತ್ತುಕೊಂಡರು. "ನನಗೆ ಕನ್ನಡ ಬರ್ತದೆ, ನೀವು ಅಂಗಡಿ ನೋಡಿಕೊಳ್ಳಿ" ಎಂದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಹಾಲಿನ ಗಿರಾಕಿ, ಸಿಗರೇಟಿನ ಗಿರಾಕಿ ಎಲ್ಲ ಅವರನ್ನು ಸುತ್ತಿಕೊಂಡು ಹೋಗಬೇಕಾಯಿತು. ಕೊನೆಗೆ ಕೇಳಿದರು:

"ಹಣ ಅಂತ ಉಂಟು, ಸರಿ. ಈ ಉಪಕಾರ ಅಂದ್ರೆ ಎಂತ?"

"ಮೊಬೈಲಿಗೆ ರೀಚಾರ್ಜ್ ಹಾಕಿಕೊಡುವುದು, ಬಿರಿಯಾನಿ ಕೊಡಿಸುವುದು, ಹೀಗೆಲ್ಲ" ಎಂದೆ.

"ದೊಡ್ಡವರ ಹತ್ರ ಹೇಳಿ ಏನಾದ್ರೂ ಕೆಲಸ ಮಾಡಿಸಿಕೊಡುವುದು?"

ಅದೂ ಸೇರುತ್ತದೆ ಎಂದೆ.

"ಹಾಗಾದ್ರೆ ಒಳ್ಳೆಯ ಕಾಗದ. ಬರೆದವರು ಹುಷಾರಿದ್ದಾರೆ" ಎಂದು ಸಹಿ ಹಾಕಿದರು. ನಿಮಗೆ ತಲುಪಿಸಬೇಕಾದ ಹೊಗಳಿಕೆ, ತಲುಪಿಸಿದ್ದೇನೆ.

ನಬೀಸಾ ಹತ್ತನೆಯ ತಾರೀಕಿಗೆ ವಿಕ್ಟರನ ವ್ಯಾನಿನಲ್ಲೇ ಬರುತ್ತಾಳೆ. ನನಗೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ.

ಮೂಸಬ್ಬ


ನಿಜ್ವಾ
13 ಡಿಸೆಂಬರ್ 2025

ಮೂಸಬ್ಬಣ್ಣನಿಗೆ,

ಅಣ್ಣ ಎಂದು ಕರೆದದ್ದಕ್ಕೆ ಬೇಜಾರು ಮಾಡಬೇಡಿ. ನಬೀಸಾ ಅಕ್ಕ ಇಲ್ಲಿ ಅರ್ಧ ದಿನ ನನ್ನ ಜೊತೆ ಕೂತ ಮೇಲೆ ಬ್ಯಾರಿಯವರೇ ಗೀರಿಯವರೇ ಎಂದು ಬರೆಯಲು ಕೈ ಬರುವುದಿಲ್ಲ. ಅವರಿಗೆ ಮೊದಲು ಬಲಗಣ್ಣಿನ ಆಪರೇಷನ್ ಮಾಡುತ್ತಾರಂತೆ, ಜನವರಿ ಏಳಕ್ಕೆ. ಅವರು ನಿಮ್ಮ ಬಗ್ಗೆ ಬಹಳ ದೂರು ಹೇಳಿದರು. "ಬೆಳಿಗ್ಗೆಯಿಂದ ಸಂಜೆವರೆಗೆ ಆ ಕಾಗದ ಓದಿ ಓದಿ ಗಂಟಲು ಕಟ್ಟಿದೆ ಬಾಯಿ. ನನಗೆ ಬಿಸಿನೀರು ಕಾಯಿಸಿ ಸಾಕಾಗ್ತದೆ" ಎಂದರು. ನಾನು ನಿಮ್ಮನ್ನು ಸೋಮಾರಿ ಎಂದುಕೊಂಡಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಕೂಟದಲ್ಲಿ ಹದಿನಾಲ್ಕು ವರ್ಷ ಇದ್ದೇನೆ, ಒಂದು ಸಹಿಗೆ ಇಷ್ಟು ಮರ್ಯಾದೆ ಕೊಟ್ಟವರನ್ನು ನಾನು ಕಂಡಿಲ್ಲ. ನಾನೇ ಕೊಟ್ಟಿಲ್ಲ. ನಿಜ್ವಾದಲ್ಲಿ ಇಗರ್ಜಿಯ ಮಾಸ್ ಪೂಜೆ ಮುಗಿಸಿ ಬರುವವರ ಕೈಗೆ ಪೆನ್ನು ತುರುಕಿದವಳು ನಾನು. ನಿಮ್ಮ ಕಾಗದ ಓದಿದ ಮೇಲೆ ನಾಚಿಕೆಯಾಗಿ ಈಗ ನಾನೂ ಓದಿ ಹೇಳುತ್ತಿದ್ದೇನೆ.

ಇನ್ನು ಆ ಸಾಲು. ಐದು ಹಾಳೆ, ಐದೂ ಖಾಲಿ, ಐದನ್ನೂ ವಾಪಸ್ ಕಳಿಸಿದ್ದೇನೆ. ಮರೆವು ಎಂದುಕೊಂಡಿದ್ದೆ, ಐದು ಸಲ ಯಾರೂ ಮರೆಯುವುದಿಲ್ಲ. ಆ ಏಜೆಂಟರ ಜನ ಇಬ್ರಿಯ ಅಂಗಡಿಗಳಿಗೆ ಸಾಮಾನು ಹಾಕುತ್ತಾರೆ ಎಂದು ಕೇಳಿದೆ. ಅವರ ಹೆದರಿಕೆಯೇ ಅಣ್ಣ? ಹಾಗಿದ್ದರೆ ಹೇಳಿ. ನಿಮ್ಮ ಹೆಸರು ಸಮಿತಿಯವರ ಹೊರತು ಯಾರಿಗೂ ತೋರಿಸದಂತೆ ನಾನು ನೋಡಿಕೊಳ್ಳುತ್ತೇನೆ. ಲೆಕ್ಕ ಇಷ್ಟು: ಸೊಹಾರ್ ಮತ್ತು ನಿಜ್ವಾ ಸೇರಿ ಮುನ್ನೂರನಲವತ್ತು ದಾಟುವುದು ಕಷ್ಟ. ಇಬ್ರಿ ಇಲ್ಲದೆ ನಮಗೆ ದಡ ಇಲ್ಲ.

ನಿಮ್ಮ ತಂಗಿ,
ಉರ್ಸುಲಾ


ಇಬ್ರಿ
20 ಡಿಸೆಂಬರ್ 2025

ಉರ್ಸುಲಾ ಬಾಯಿಯವರಿಗೆ,

ನನ್ನನ್ನು ಅಣ್ಣ ಎಂದು ಬರೆದಿದ್ದೀರಿ. ಈ ಕಾಗದ ಓದಿದ ಮೇಲೆ ಅದನ್ನು ಹೊಡೆದುಹಾಕಬೇಕೆನಿಸಿದರೆ ಹೊಡೆದುಹಾಕಿ.

ಹೆದರಿಕೆ ಅಲ್ಲ. ಕಳೆದ ವರ್ಷ ಇಬ್ರಿಯಲ್ಲಿ ಮುನ್ನೂರು ಬೈಸಕ್ಕೆ ಕೈ ಚಾಚಿದವನು ನಾನೇ. ನಿಮ್ಮ ಮೊದಲ ಕಾಗದದಲ್ಲಿ ಆ ಮಾತು ಬಂದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ಮುಟ್ಟಿ ನೋಡಿಕೊಂಡೆ. ಆಗಲೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ನೂರಹನ್ನೆರಡು ಸಹಿ ಮಾಡಿಸಿದ್ದೆ. ಒಂದೇ ವಾರದಲ್ಲಿ. ಹಾಲು ಕೊಡುವಾಗ, ಚಿಲ್ಲರೆ ಕೊಡುವಾಗ, "ಇಲ್ಲೊಂದು ಸಹಿ ಹಾಕಿ" ಎಂದು ಹಾಳೆ ಸರಿಸುತ್ತಿದ್ದೆ. ಅದರಲ್ಲಿ ಏನು ಬರೆದಿದೆಯೆಂದು ನಾನೂ ಓದಿರಲಿಲ್ಲ. ಬಂದ ಹಣದಲ್ಲಿ ಅಂಗಡಿಗೆ ಹೊಸ ಬೋರ್ಡು ಬರೆಸಿದೆ.

ನೊರ್ಬರ್ಟನ ಸಹಿ ಮೂರನೆಯ ಹಾಳೆಯಲ್ಲಿತ್ತು. ಅಂಗಡಿಯ ಎ.ಸಿ.ಗೆ ಗ್ಯಾಸ್ ತುಂಬಿಸಿ ಕೈ ಒರಸಿಕೊಳ್ಳುತ್ತ, "ಕಾಕ, ಎಂತದ್ದಕ್ಕೆ ಇದು?" ಎಂದು ಕೇಳಿದ. ಕೇಳಿದವನು ಅವನೊಬ್ಬನೇ. "ಒಳ್ಳೆಯದಕ್ಕೇ ಮಾರಾಯ, ಹಾಕು" ಎಂದೆ. ನಂಬಿ ಹಾಕಿದ. ಆರು ತಿಂಗಳ ನಂತರ ಹದಿನೆಂಟು ದಿನ ಮಲಗಿದ. ನಿಮ್ಮ ಪಕ್ಕದಲ್ಲಿ ಆ ಗೋಡೆಗೆ ಒರಗಿ ನಿಂತು ನೀವು ಬೈದದ್ದನ್ನು ಕೇಳುತ್ತಿದ್ದೆನಲ್ಲ, ಒಂದೊಂದು ಮಾತೂ ಸರಿಯಾದ ವಿಳಾಸಕ್ಕೇ ಬರುತ್ತಿತ್ತು.

ಅದಕ್ಕೇ ಈ ಸಲ ಓದಿ ಹೇಳುತ್ತಿರುವುದು. ಒಬ್ಬನಿಗೂ ಮತ್ತೆ ಆ ಮಾತು ಹೇಳಬಾರದೆಂದು.

ಇನ್ನೊಂದಿದೆ. ಹಳೆಯದನ್ನು ಬದಿಗಿಟ್ಟು ಈ ಹಾಳೆಗಳ ಕೆಳಗಾದರೂ ಸಹಿ ಹಾಕೋಣವೆಂದು ಒಂದು ಸಂಜೆ ಪೆನ್ನು ತೆಗೆದೆ. 'ಯಾರಿಂದಲೂ ಏನನ್ನೂ ಪಡೆದಿಲ್ಲ.' ತೆರೇಸಾರ ಪ್ರಶ್ನೆ ನೆನಪಾಯಿತು. ಮಾರ್ಚ್‌ವರೆಗೆ ತುಂಬಿದ ಪಟ್ಟಿಯಲ್ಲಿ ನಬೀಸಾಳ ಹೆಸರು ಮೇಲೆ ಬಂದದ್ದು ನಾನು ನಿಮಗೆ ಸಹಿ ಮಾಡಿಸಿಕೊಡುತ್ತಿದ್ದೇನೆಂದಲ್ಲವೇ? ನೀವೇ ಹಾಗೆ ಬರೆದಿದ್ದೀರಿ. ನೀವು ಪ್ರೀತಿಯಿಂದ ಮಾಡಿದ್ದು, ಅದು ನನಗೆ ಗೊತ್ತು. ಆದರೆ ಅಲ್ಲಿ ಯಾರದೋ ಹೆಸರು ಒಂದು ಸಾಲು ಕೆಳಗೆ ಹೋಗಿದೆ. ಅವರಿಗೂ ಒಲೆ ಇರುತ್ತದೆ, ಪಾತ್ರೆ ಇರುತ್ತದೆ.

ನಬೀಸಾಳಿಗೆ ಎಲ್ಲ ಹೇಳಿದೆ, ಕಳೆದ ವರ್ಷದ್ದೂ ಸೇರಿಸಿ. ಅವಳು ಪೂರ್ತಿ ಕೇಳಿದಳು. ಆಮೇಲೆ, "ಏಳಕ್ಕೆ ಬೇಡ ಅಂತ ಬರೆಯಿರಿ. ನನ್ನ ಸರದಿ ಬಂದಾಗ ಹೋಗ್ತೇನೆ" ಎಂದಳು. ಹಾಗಾಗಿ ಆ ತಾರೀಕು ದಯವಿಟ್ಟು ರದ್ದು ಮಾಡಿಸಿ. ಈವರೆಗಿನ ಅರವತ್ತೆಂಟು ಸಹಿಯೂ ಲೆಕ್ಕಕ್ಕಿಲ್ಲ, ಹಾಳೆಗಳನ್ನು ಹರಿದಿದ್ದೇನೆ. ಇಬ್ರಿಗೆ ಬೇರೆ ಯಾರನ್ನಾದರೂ ನೋಡಿ.

ಮೂಸಬ್ಬ


ನಿಜ್ವಾ
23 ಡಿಸೆಂಬರ್ 2025

ನಿಮ್ಮ ಕಾಗದ ತಲುಪಿತು. ಮೂರು ಸಲ ಓದಿದೆ. ಬರೆದರೆ ಬೈಗುಳವೇ ಬರುತ್ತದೆ. ತಾರೀಕು ರದ್ದಾಗಿದೆ.

ಉರ್ಸುಲಾ


ನಿಜ್ವಾ
3 ಜನವರಿ 2026

ಮೂಸಬ್ಬಣ್ಣನಿಗೆ,

ಹೊಡೆದುಹಾಕಿಲ್ಲ, ನೋಡಿ.

ಆದರೆ ಸುಳ್ಳು ಹೇಳಲಾರೆ, ಒಂದು ವಾರ ನಿಮ್ಮ ಮೇಲೆ ಹೊತ್ತಿ ಉರಿಯುತ್ತಿದ್ದೆ. ನೊರ್ಬರ್ಟನ ತಾಯಿ ದಿನಾ ಬೆಳಿಗ್ಗೆ ನನಗೆ ಫೋನ್ ಮಾಡಿ, "ಇವತ್ತು ಕಳಿಸ್ತಾರಾ ಬಾಯಿ?" ಎಂದು ಹದಿನೆಂಟು ದಿನ ಕೇಳಿದವರು. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳನ್ನು ಮಾಡಿದೆ, ಒಂದು ತುಂಡೂ ಬಾಯಿಗೆ ಹಾಕಲಾಗಲಿಲ್ಲ. ಮೂಸಬ್ಬನೇ ಆಗಬೇಕಿತ್ತೇ ಎಂದು ಅನ್ನಿಸುತ್ತಿತ್ತು.

ಆಮೇಲೆ ಆ ಸಿಟ್ಟು ತಿರುಗಿ ನನ್ನ ಮೇಲೆಯೇ ಬಂತು. 'ಬೇರೆ ಯಾವುದೇ ಉಪಕಾರ' ಎಂಬ ಮಾತನ್ನು ಹಾಕಿದವಳು ನಾನು. ವಕೀಲರಿಗೆ ತೋರಿಸಿ, ಸರಿಯಿದೆ ಎಂದಾಗ ಹೆಮ್ಮೆಪಟ್ಟವಳು ನಾನು. ಹದಿನಾಲ್ಕೇ ದಿನದಲ್ಲಿ ಅದನ್ನು ಮುರಿದವಳೂ ನಾನು. ಬೇಲಿಯೇ ಎದ್ದು ಹೊಲ ಮೇಯ್ದದ್ದು. ಅದೂ ಮೇಯುತ್ತಿದ್ದೇನೆ ಎಂಬ ಅರಿವೇ ಇರಲಿಲ್ಲ. ನಮ್ಮವರಿಗೆ ನಾವು ಮಾಡುವುದು ಸಹಾಯ, ಬೇರೆಯವರು ಮಾಡಿದರೆ ಲಂಚ, ಹೀಗೇ ಅಂದುಕೊಂಡಿದ್ದೆ. ಆ ಪಟ್ಟಿ ತೆರೆದು ನೋಡಿದೆ. ನಬೀಸಾ ಅಕ್ಕನಿಗಾಗಿ ಒಂದು ಸಾಲು ಕೆಳಗೆ ಹೋಗಿದ್ದವರು ಬಹ್ಲಾದ ಒಬ್ಬ ಮುದುಕಿ. ಏಳನೆಯ ತಾರೀಕು ಈಗ ಅವರಿಗೆ ಸಿಕ್ಕಿದೆ. ನಾನು ಮಾಡಿದ್ದನ್ನು ನಮ್ಮ ಮೇಲಧಿಕಾರಿಗೂ ಹೇಳಿದೆ. ಚೆನ್ನಾಗಿ ಬೈಸಿಕೊಂಡೆ, ಅದು ಸರಿಯಾಗಿಯೇ ಇತ್ತು. ನಬೀಸಾ ಅಕ್ಕನ ಸರದಿ ಮಾರ್ಚ್ ಹನ್ನೊಂದಕ್ಕೆ. ಇನ್ನು ಆ ಪಟ್ಟಿಯನ್ನು ನಾನು ಮುಟ್ಟುವುದಿಲ್ಲ, ಅವರಿಗಾಗಿಯೂ ಮುಟ್ಟುವುದಿಲ್ಲ. ಇದಕ್ಕೆ ಅವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ.

ಈಗ ಕೆಲಸದ ಮಾತು. ಸೊಹಾರ್ ಇನ್ನೂರಮೂವತ್ತೆರಡು, ನಿಜ್ವಾ ನೂರಒಂಬತ್ತು. ಒಟ್ಟು ಮುನ್ನೂರನಲವತ್ತೊಂದು. ಐವತ್ತೊಂಬತ್ತು ಬೇಕು, ಹನ್ನೆರಡು ದಿನ ಇದೆ. ಕೂಟದ ಚುನಾವಣಾಧಿಕಾರಿ ಫೌಸ್ಟಿನ್ ಅವರನ್ನು ಹೆಸರು ಹೇಳದೆ ಕೇಳಿದೆ: ಹಿಂದೊಮ್ಮೆ ದುಡ್ಡು ಪಡೆದವರು ಈಗ ಸಂಗ್ರಹಿಸಬಹುದೇ ಎಂದು. ಅವರು ಬ್ಯಾಂಕಿನಲ್ಲಿದ್ದವರು, ಬ್ಯಾಂಕಿನವರ ಹಾಗೆಯೇ ಉತ್ತರ ಕೊಟ್ಟರು. ಆ ಸಾಲು ಇರುವುದು ಈ ಸಹಿಗಳ ಬಗ್ಗೆ, ಹಳೆಯ ಸಹಿಗಳ ಬಗ್ಗೆ ಅಲ್ಲ. ಈ ಸಹಿಗಳಿಗೆ ನೀವೀಗ ಏನೂ ಪಡೆದಿಲ್ಲ. ಹೊಸ ಹಾಳೆ ಏಳು ಇಟ್ಟಿದ್ದೇನೆ.

ಬೇರೆ ಯಾರನ್ನಾದರೂ ನೋಡಿ ಎಂದಿರಿ. ಹರಿದುಹಾಕಲು ಯಾರೂ ಹೇಳದ ಅರವತ್ತೆಂಟನ್ನು ತಾನಾಗಿ ಹರಿದುಹಾಕುವ ಇನ್ನೊಬ್ಬರು ಇಡೀ ಒಮಾನಿನಲ್ಲಿ ನನಗೆ ಎಲ್ಲಿ ಸಿಗುತ್ತಾರೆ? ಕೆಲಸ ನಿಮ್ಮದೇ.

ಉರ್ಸುಲಾ


ಇಬ್ರಿ
13 ಜನವರಿ 2026

ಉರ್ಸುಲಾ ಬಾಯಿ,

ಹಾಳೆಗಳು ಇದರ ಜೊತೆಗಿವೆ. ಅರವತ್ತೊಂದು. ಏಳು ಹಾಳೆ, ಏಳರ ಕೆಳಗೂ ನನ್ನ ಸಹಿ.

ಒಬ್ಬೊಬ್ಬರ ಹತ್ತಿರವೂ ಮತ್ತೆ ಹೋದೆ. ಈ ಸಲ ಅಂಗಡಿಗೆ ಕರೆಸಲಿಲ್ಲ, ಅವರಿದ್ದಲ್ಲಿಗೆ ನಾನೇ ಹೋದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಹೇಗೂ ಶಟರ್ ಎಳೆಯುತ್ತೇವಲ್ಲ, ಆ ಹೊತ್ತು ಇದಕ್ಕೇ ಇಟ್ಟೆ. ಅರ್ಜಿ ಓದುವ ಮೊದಲು ಒಂದು ಮಾತು ಸೇರಿಸಿದೆ: "ಹಿಂದಿನ ಸಲ ನಿಮ್ಮ ಹೆಸರಿಗೆ ನಾನು ಮುನ್ನೂರು ಬೈಸ ತೆಗೆದುಕೊಂಡಿದ್ದೇನೆ. ಏನೆಂದು ಹೇಳದೆ ಸಹಿ ಹಾಕಿಸಿದ್ದೇನೆ. ತಪ್ಪಾಯಿತು." ನೀವು ಹಾಗೆ ಹೇಳೆಂದು ಬರೆದಿರಲಿಲ್ಲ. ಹೇಳದೆ ಓದಲು ನನಗೆ ಸ್ವರ ಬರುತ್ತಿರಲಿಲ್ಲ.

ಕ್ಷೌರದಂಗಡಿಯವನು ನಕ್ಕ. "ಮುನ್ನೂರಾ? ನನ್ನ ಹೆಸರಿಗೆ ಅಷ್ಟು ಬೆಲೆ ಉಂಟು ಅಂತ ಗೊತ್ತಿರ್ಲಿಲ್ಲ ಕಾಕ" ಎಂದು ಸಹಿ ಹಾಕಿದ. ದರ್ಜಿ ಕೆಲಸದ ನಮ್ಮವರಲ್ಲಿ ಇಬ್ಬರು ಹಾಕಲಿಲ್ಲ. ಒಬ್ಬರು, "ನಿನ್ನ ಕಾಗದ ಸರಿಯೇ ಇರಬಹುದು, ನಿನ್ನ ಕೈಯಿಂದ ಬೇಡ" ಎಂದರು. ಅವರು ಹೇಳಿದ್ದು ನ್ಯಾಯ. ತೆರೇಸಾ ಎಲ್ಲ ಕೇಳಿ, ಕಾಗದವನ್ನು ಮತ್ತೆ ಮೊದಲಿಂದ ಬೆರಳಿಟ್ಟು ಓದಿದರು. ಹೊಸ ಹಾಳೆಯಲ್ಲಿ ಅಕ್ಷರ ಬದಲಾಗಿದೆಯೋ ಎಂಬ ಅನುಮಾನ. ಬದಲಾಗಿಲ್ಲವೆಂದು ಖಾತ್ರಿಯಾದ ಮೇಲೆ ಹಾಕಿದರು.

ಕೊನೆಯ ದಿನಕ್ಕೆಂದು ಉಳಿಸಿಕೊಂಡಿದ್ದು ವಾಲ್ಟರನ ಕೋಣೆ. ನೊರ್ಬರ್ಟನ ಜೊತೆ ಒಂಬತ್ತು ವರ್ಷ ಒಂದೇ ಕೋಣೆಯಲ್ಲಿದ್ದವನು, ಈಗ ಒಬ್ಬನೇ ಇದ್ದಾನೆ. ಹಿಂದಿನ ಅರವತ್ತೆಂಟರಲ್ಲಿ ಅವನ ಸಹಿ ಇರಲಿಲ್ಲ. ಅವನ ಹತ್ತಿರ ಹೋಗಲು ನನಗೆ ಧೈರ್ಯವೇ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ನೊರ್ಬರ್ಟ್ ಕೇಳಿದ್ದು, ನಾನು ಹೇಳಿದ್ದು, ಅದನ್ನೂ ಹೇಳಿದೆ. ಅವನು ಚಪಾತಿ ಲಟ್ಟಿಸುತ್ತಿದ್ದವನು ನಿಲ್ಲಿಸಲಿಲ್ಲ. ಹಿಟ್ಟು ಮುಗಿದ ಮೇಲೆ ಕೈ ತೊಳೆದು, "ಓದಿ" ಎಂದ. ಓದಿದೆ. ಸಹಿ ಹಾಕಿ ಬಾಗಿಲು ಹಾಕಿಕೊಂಡ. ಅವನ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಾಗಲಿಲ್ಲ.

ಅರವತ್ತೊಂದನೆಯದು ನಬೀಸಾಳದ್ದು. ಅವಳೂ ಸದಸ್ಯೆಯೇ, ನನಗೆ ಹೊಳೆದೇ ಇರಲಿಲ್ಲ. ಓದಿ ಹೇಳುತ್ತೇನೆ ಎಂದೆ. "ನೀವು ಓದಿ ಹೇಳಿದ್ದನ್ನೆಲ್ಲ ಇಪ್ಪತ್ತಾರು ವರ್ಷ ನಂಬಿದ್ದೇನೆ. ಇದನ್ನು ನಾನೇ ಓದ್ತೇನೆ" ಎಂದಳು. ಬಾಗಿಲ ಹತ್ತಿರದ ಬೆಳಕಿಗೆ ಕೂತು, ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದಳು. ಮಸೀದಿಯಲ್ಲಿ ಅಸರ್ ನಮಾಜಿನ ಬಾಂಗ್ ಆಗುವವರೆಗೂ ಓದಿದಳು. ಅವಳ ಸಹಿ ಗೆರೆ ಬಿಟ್ಟು ಸ್ವಲ್ಪ ಕೆಳಗೆ ಇಳಿದಿದೆ. ಫೌಸ್ಟಿನ್ ಅವರು ಅದನ್ನು ಹೊಡೆದುಹಾಕದಂತೆ ನೋಡಿಕೊಳ್ಳಿ. ಇದೊಂದು ಉಪಕಾರ ಕೇಳುತ್ತಿದ್ದೇನೆ, ಇದು ನಿಯಮಕ್ಕೆ ಅಡ್ಡ ಬರುವುದಾದರೆ ಬೇಡ.

ಮೂಸಬ್ಬ


ನಿಜ್ವಾ
17 ಜನವರಿ 2026

ಮೂಸಬ್ಬಣ್ಣ,

ನಾನೂರ ಎರಡು. ಮೊನ್ನೆ ಗುರುವಾರ ಮಧ್ಯಾಹ್ನ ಮಸ್ಕತ್‌ಗೆ ಹೋಗಿ ನಾನೇ ಕೊಟ್ಟು ಬಂದೆ. ನಬೀಸಾ ಅಕ್ಕನ ಸಹಿ ಇದೆ. ಫೌಸ್ಟಿನ್ ಅವರು ಅದನ್ನು ನೋಡಿ ಕನ್ನಡಕ ಒರಸಿಕೊಂಡರು, ಮುಂದಿನದಕ್ಕೆ ಹೋದರು. ನಾನು ಏನೂ ಹೇಳಲಿಲ್ಲ.

ಆದರೆ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಏಜೆಂಟರ ಕಡೆಯ ಒಬ್ಬರು ಅಲ್ಲೇ ಕೂತಿದ್ದರು. ಇಬ್ರಿಯ ಹಾಳೆಗಳನ್ನು ಕಂಡದ್ದೇ ತಡ, ಬೆರಳು ಮಾಡಿದರು. "ಈ ಮೂಸಬ್ಬ ಹಿಂದಿನ ಸಲ ನಮ್ಮಿಂದಲೇ ದುಡ್ಡು ತಗೊಂಡವನು. ಈ ಸಲ ಇವರಿಂದ ತಗೊಂಡಿರ್ತಾನೆ. ಸಹಿ ಹಾಕಿದವರಿಗೆ ಏನಂತಲೂ ಗೊತ್ತಿರುವುದಿಲ್ಲ, ಕೇಳಿ ನೋಡಿ" ಎಂದರು. ನೀವು ಇಬ್ರಿಯಲ್ಲಿ ಮನೆಮನೆಗೆ ಹೋಗಿ ಹೇಳಿಬಂದದ್ದನ್ನು ಅವರು ಗುಟ್ಟು ಎಂದುಕೊಂಡು ಹೇಳುತ್ತಿದ್ದರು. ಫೌಸ್ಟಿನ್ ಅವರು ಯಾರ ಪರವೂ ಅಲ್ಲ. ಅರವತ್ತೊಂದರಲ್ಲಿ ಕಣ್ಣು ಮುಚ್ಚಿ ಐದು ಹೆಸರಿನ ಮೇಲೆ ಪೆನ್ನು ಇಟ್ಟರು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಫೋನ್ ಮಾಡಿದರು. ಐದರಲ್ಲಿ ಒಂದು ತಪ್ಪಿದರೂ ಇಬ್ರಿಯ ಹಾಳೆಗಳು ಪೂರ್ತಿ ರದ್ದು ಎಂದರು.

ಅಣ್ಣ, ಮೊದಲು ಕ್ಷೌರದಂಗಡಿಯ ಹುಡುಗ. ಯಾವುದಕ್ಕೆ ಸಹಿ ಹಾಕಿದಿ ಎಂದರೆ ಅರ್ಜಿಯ ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ, ನಾನು ಬರೆದಂತೆಯೇ, ಮಗ್ಗಿ ಹೇಳಿದ ಹಾಗೆ ಹೇಳಿದ. ಎರಡು ಸಲ ಫೇಲಾದವನು ಇವನೇನಾ ಎಂದು ನಾನು ಯೋಚಿಸುತ್ತಿದ್ದೆ. ಎರಡನೆಯವರೂ ಹೇಳಿದರು, ಮೂರನೆಯವರೂ ಹೇಳಿದರು. ತೆರೇಸಾ ಅವರು ಫೌಸ್ಟಿನ್ ಅವರಿಗೇ ತಿರುಗಿ, "ನಿಮಗೆ ಆ ಉಪಕಾರ ಅಂದ್ರೆ ಎಂತ ಅಂತ ಗೊತ್ತುಂಟಾ?" ಎಂದು ಕೇಳಿದರು. ಆ ಏಜೆಂಟರ ಮನುಷ್ಯ ಎದ್ದು ನೀರು ಕುಡಿಯಲು ಹೋದರು. ಮುನ್ನೂರು ಬೈಸ ಕೊಟ್ಟು ತಂದ ಐನೂರು ಸಹಿಗಳಲ್ಲಿ ಇಂಥ ಒಂದೂ ಇರಲಿಲ್ಲ. ನೀವು ಗಂಟಲು ಕಟ್ಟಿಸಿಕೊಂಡದ್ದು ಎಲ್ಲಿ ಹೋಯಿತೆಂದು ಆ ಕೋಣೆಯಲ್ಲಿ ಕೂತು ಕೇಳಿದೆ. ನನಗೆ ಬಹಳ ಹೆಮ್ಮೆಯಾಯಿತು. ಅದನ್ನು ಬಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ.

ಐದನೆಯ ಹೆಸರು ವಾಲ್ಟರ್. ಅವನೂ ಅರ್ಜಿಯಲ್ಲಿರುವುದನ್ನು ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳಿದ. ಆಗ ಏಜೆಂಟರ ಮನುಷ್ಯ ವಾಪಸ್ ಬಂದು ಫೋನಿನ ಮೇಲೆ ಬಗ್ಗಿ ತಾನೇ ಕೇಳಿದರು:

"ಸಹಿ ಹಾಕ್ಲಿಕ್ಕೆ ಆ ಮೂಸಬ್ಬ ನಿನಗೆ ಏನಾದ್ರೂ ಕೊಟ್ಟನಾ?"

"ಹೌದು, ಕೊಟ್ಟಿದ್ದಾರೆ."

ಫೌಸ್ಟಿನ್ ಅವರು ಪೆನ್ನು ಕೈಗೆತ್ತಿಕೊಂಡರು.

"ಎಂತ ಕೊಟ್ಟರು?" ಎಂದು ಫೌಸ್ಟಿನ್ ಅವರೇ ಕೇಳಿದರು.

"ನನ್ನ ನೊರ್ಬರ್ಟನಿಗೆ ಹೇಳದೆ ಇದ್ದದ್ದನ್ನು ನನ್ನ ಬಾಗಿಲಿಗೆ ಬಂದು ಹೇಳಿದ್ರು. ತಪ್ಪಾಯ್ತು ಅಂದ್ರು. ಅವನು ಸತ್ತು ಏಳು ತಿಂಗಳಾಯ್ತು, ಬೇರೆ ಯಾರೂ ಬಂದು ಹಾಗೆ ಹೇಳಿಲ್ಲ ಸಾರ್. ಅದು ನಿಮ್ಮ ಉಪಕಾರದ ಲೆಕ್ಕಕ್ಕೆ ಬರ್ತದಾ?"

ಫೌಸ್ಟಿನ್ ಅವರು ಬರುವುದಿಲ್ಲ ಎಂದರು.

ಉರ್ಸುಲಾ